ಫಸ್ಟ್ ಕ್ಲಾಸಿನ ಜಾಲರಿ ಮತ್ತು ನಾಲ್ಕು ಕಟ್ಟು ಮೆಂತ್ಯ

ಕಳೆದ ಮಂಗಳವಾರ ನಾನು ಒಂದು ಸ್ಟೀಲ್ ಜಾಲರಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎದುರು ಮನೆಯವರ ಕಾರಿನ ಮೇಲೆ, ಸಹೋದ್ಯೋಗಿಯ ಪ್ರಮೋಷನ್ನಿನ ಮೇಲೆ ಪಟ್ಟರೂ ಲೋಕ ಕ್ಷಮಿಸುತ್ತದೆ. ಆದರೆ ಪುಣೆ-ಲೋಣಾವಳ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ, ಫಸ್ಟ್ ಕ್ಲಾಸನ್ನೂ ಸೆಕೆಂಡ್ ಕ್ಲಾಸನ್ನೂ ಬೇರೆ ಮಾಡುವ, ಬೆರಳು ತೂರುವಷ್ಟು ತೂತುಗಳಿರುವ ಒಂದು ಅಡ್ಡತಡೆಯ ಮೇಲೆ?

ಕಾರಣವಿದೆ. ಆ ತೂತುಗಳಲ್ಲಿ ನನ್ನ ಅವ್ವನ ನಾಲ್ಕು ಬೆರಳುಗಳು ಸಿಕ್ಕಿಕೊಂಡಿದ್ದವು. ಆಚೆಯಿಂದ ಯಾರೋ ಅವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವ್ವ ನಗುತ್ತಿದ್ದಳು.

ಮೊದಲು ಆ ನಗುವಿನ ವಿಷಯ ಹೇಳಬೇಕು. ಅವ್ವ ನಮ್ಮ ಮನೆಯಲ್ಲಿ ಹಾಗೆ ನಗುವುದಿಲ್ಲ. ನನ್ನ ಜೊತೆ ಅವಳ ಮಾತು ಮೂರೇ ವಾಕ್ಯಗಳದ್ದು. 'ಉಂಡಿ ಏನ?' 'ಹೊತ್ತಾತು, ಮಕ್ಕೋ.' 'ಗ್ಯಾಸ್ ಬುಕ್ ಮಾಡಿ ಏನ?' ಆದರೆ ಸಂಜೆ ಫೋನ್ ಬಂದರೆ ಅದೇ ಅವ್ವ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಆಮೇಲೆ ಕೇಳಿಸುವುದು ನಗು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು.

'ಯಾರವ್ವಾ ಫೋನ್?' ಎಂದು ಕೇಳಿದರೆ, 'ರೂಪಾಲಿ' ಎನ್ನುತ್ತಾಳೆ. 'ಏನಂತೆ?' ಎಂದರೆ, 'ಏನಿಲ್ಲ.'

ಏನೂ ಇಲ್ಲದ್ದಕ್ಕೆ ಅರ್ಧ ಗಂಟೆ ನಗಲು ಸಾಧ್ಯವೇ?

ರೂಪಾಲಿ ಯಾರು ಎಂಬುದು ನನಗೆ ಗೊತ್ತಿತ್ತು, ಹೆಸರಿನ ಮಟ್ಟಿಗೆ. ಅವ್ವ ತಳೆಗಾವದ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಆಗ ನಮ್ಮ ಮನೆ ದಾಪೋಡಿಯ ವಠಾರದಂಥ ಚಾಳಿನಲ್ಲಿತ್ತು. ಅಪ್ಪ ಸೈಕಲ್ ತುಳಿದುಕೊಂಡು ಭೋಸರಿಯ ವರ್ಕ್‌ಶಾಪಿಗೆ ಹೋದರೆ, ಅವ್ವ ದಾಪೋಡಿಯಿಂದ ಲೋಕಲ್ ಹಿಡಿದು ತಳೆಗಾವಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ಇಪ್ಪತ್ತು ವರ್ಷಕ್ಕೂ ಮಿಕ್ಕಿ. ರೂಪಾಲಿ ಆ ರೈಲಿನವಳು. ಅವ್ವನ 'ಗ್ರೂಪಿ'ನವಳು. ಅವ್ವ ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಗ್ರೂಪಿನಿಂದ ಮಾತ್ರ ನಿವೃತ್ತಿ ಇಲ್ಲ ಎಂದು ಕಾಣುತ್ತದೆ.

ನಾನು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಈಗ ಪುಣೆಯ ಕ್ಯಾಂಪ್ ಭಾಗದ ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ಓದುವಾಗ ತಪ್ಪು ಮಾಡಿದರೆ ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹೀಗಾಗಿ ತಪ್ಪೇ ಆಗದಂತೆ ಬದುಕುವುದು ರೂಢಿಯಾಯಿತು. (ಈ ಅಂಕಣವನ್ನು ಕಳುಹಿಸುವ ಮುನ್ನ ನಾಲ್ಕು ಬಾರಿ ಓದುತ್ತೇನೆ. ಸಂಪಾದಕರು ಎರಡು ಬಾರಿ ಸಾಕು ಎಂದಿದ್ದಾರೆ.)

ಅವ್ವನ ನಗುವನ್ನು ಪಡೆಯುವುದಕ್ಕೂ ನಾನು ಆಯ್ದುಕೊಂಡದ್ದು ಅದೇ ದಾರಿ. ಯೋಜನೆ.

ನಮ್ಮ ಹಳೆಯ ಲೋಕಲ್ ಗಾಡಿಗಳು ಇನ್ನು ಹೆಚ್ಚು ದಿನ ಓಡಲಾರವು, ತಾವಾಗಿಯೇ ಬಾಗಿಲು ಮುಚ್ಚಿಕೊಳ್ಳುವ ಹೊಸ ಗಾಡಿಗಳು ಬರುತ್ತವೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ನಿಜವೋ ಸುಳ್ಳೋ ತಿಳಿಯದು. ಆದರೆ ನನಗೆ ಒಂದು ನೆವ ಬೇಕಾಗಿತ್ತು. ಅವ್ವನ ಹಳೆಯ ಎಲೆಕ್ಟ್ರಿಕ್ ರೈಲಿನಲ್ಲಿ ಅವ್ವನನ್ನು ಕರೆದುಕೊಂಡು ಇಡೀ ದಿನ ಸುತ್ತಬೇಕು. ಪಂಜರದೊಳಗೆ ತಿರುಗುವ ಆ ಫ್ಯಾನುಗಳು, ತಿರುವಿನಲ್ಲಿ ಒಟ್ಟಿಗೇ ವಾಲುವ ಹಿಡಿಕೆಗಳು, ಸ್ಟೇಷನ್ ಬಿಡುವಾಗ ನೆಲದ ಕೆಳಗಿನಿಂದ ಏರುತ್ತ ಬರುವ ಮೋಟಾರಿನ ಗುಂಯ್‌ಗುಡುವಿಕೆ. ಇವನ್ನೆಲ್ಲ ನೋಡುತ್ತ, ಕೇಳುತ್ತ ಅವ್ವ ನನಗೆ ತನ್ನ ಕಥೆ ಹೇಳಬೇಕು. ಒಂದು ದಿನ, ಒಂದೇ ಒಂದು ದಿನ, ಅವ್ವ ನನ್ನೊಬ್ಬಳ ಪಾಲಿಗೆ ಸಿಗಬೇಕು. ಕೇಳಿದ್ದು ಹೆಚ್ಚಾಯಿತೇ?

ಎಕ್ಸೆಲ್ ಹಾಳೆ ಸಿದ್ಧವಾಯಿತು. ನಾಲ್ಕು ಕಾಲಮ್: ಸಮಯ, ಸ್ಟೇಷನ್, ನೋಡಬೇಕಾದದ್ದು, ಟಿಪ್ಪಣಿ. ಖಡಕಿ ದಾಟಿದ ಮೇಲೆ ಮುಳಾ ನದಿಯ ಸೇತುವೆ. ದಾಪೋಡಿಯಲ್ಲಿ ನಮ್ಮ ಹಳೆಯ ಚಾಳಿನ ದಿಕ್ಕು. ಕಾಮಶೇತದ ಆಚೆ ಬೆಟ್ಟಗಳು. ಲೋಣಾವಳದಲ್ಲಿ ಊಟ, ವಿಶ್ರಾಂತಿ, ಚಿಕ್ಕಿ. ಎರಡು ಪುಟ, ಕಲರ್ ಪ್ರಿಂಟ್. 'ಟಿಪ್ಪಣಿ' ಕಾಲಮಿನಲ್ಲಿ ಅವ್ವನಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಬರೆದುಕೊಂಡಿದ್ದೆ. (ನಗಬೇಡಿ. ಮಾತು ಬಾರದ ಮನೆಯಲ್ಲಿ ಪ್ರಶ್ನಪತ್ರಿಕೆಯಾದರೂ ಬೇಕಲ್ಲವೇ?)

ಅಪ್ಪನನ್ನೂ ಕರೆದೆ. ಅವರು ವರ್ತಮಾನಪತ್ರಿಕೆಯಿಂದ ತಲೆ ಎತ್ತಲಿಲ್ಲ.

'ನಲವತ್ತ ವರ್ಷ ಮಷೀನಿನ ಸಪ್ಪಳಾ ಕೇಳೇನಿ. ಈಗ ಟಿಕೀಟ ತಗದು ಕೇಳ್ಲಿ ಏನ? ನೀವು ಹೋಗಿ ಬರ್ರಿ.'

ಒಳಗೊಳಗೇ ಸಂತೋಷಪಟ್ಟೆ. ಪಾಲುದಾರರು ಒಬ್ಬರು ಕಡಿಮೆಯಾದರು.

ಭಾನುವಾರ ಹೋಗೋಣ ಎಂದೆ. ರಷ್ ಇರುವುದಿಲ್ಲ, ಕಿಟಕಿಯ ಸೀಟು ಸಿಗುತ್ತದೆ.

'ಆಯಿತವಾರ ಬ್ಯಾಡ,' ಎಂದಳು ಅವ್ವ. 'ಖಾಲಿ ಗಾಡಿಯಾಗ ಏನು ನೋಡೂದು?'

'ಹಾಗಾದರೆ ಗುರುವಾರ? ರಜೆ ಹಾಕುತ್ತೇನೆ.'

'ಗುರುವಾರನೂ ಬ್ಯಾಡ. ಮಂಗಳವಾರ ಹೋಗೂಣು. ಮುಂಜಾನಿ ಎಂಟರ ಸುಮಾರಿನ ಗಾಡಿ. ಚಂಜಿ ಮುಂದ ತಳೆಗಾವಕ್ಕ ಆರಕ್ಕ ಬರೂ ಗಾಡಿ.'

ಅವ್ವನೇ ಆಸಕ್ತಿಯಿಂದ ಸಮಯ ಹೇಳುತ್ತಿದ್ದಾಳೆ ಎಂದು ನಾನು ಹಿಗ್ಗಿ ಹೋದೆ. ಗ್ರೂಪಿನ ಕೆಲವರಿಗೆ ಭಾನುವಾರ ರಜೆ, ಉಳಿದವರು ದುಡಿಯುವ ಆ ಭಾಗದ ಕಾರ್ಖಾನೆಗಳಿಗೆ ಗುರುವಾರ ವಾರದ ಸೂಟಿ ಎಂಬ ಸಂಗತಿ, ಅದೇ ಕಾರ್ಖಾನೆಗಳ ಅನ್ನ ಉಂಡು ಬೆಳೆದ ನನಗೆ ಹೊಳೆಯಲೇ ಇಲ್ಲ. ಎಂಟರ ಗಾಡಿ, ಆರರ ಗಾಡಿ, ಎರಡೂ ಅವಳ ಡ್ಯೂಟಿಯ ಗಾಡಿಗಳೇ ಎಂಬುದೂ ಹೊಳೆಯಲಿಲ್ಲ. ಹಾಳೆಯಲ್ಲಿ ಸಮಯ ತಿದ್ದಿದೆ, ಹೊಸ ಪ್ರಿಂಟ್ ತೆಗೆದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಫಸ್ಟ್ ಕ್ಲಾಸಿನ ಟಿಕೆಟ್ ತೆಗೆದೆ.

ಇಲ್ಲಿ ನನ್ನ ಉದ್ದೇಶವನ್ನು ದಯವಿಟ್ಟು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಇಪ್ಪತ್ತು ವರ್ಷ ಅವ್ವ ಸೆಕೆಂಡ್ ಕ್ಲಾಸಿನಲ್ಲಿ ನಿಂತು, ನೂಕಿಸಿಕೊಂಡು, ಬೆವರಿ ಓಡಾಡಿದವಳು. ಮಗಳು ಅಧಿಕಾರಿಯಾದ ಮೇಲೆ ಅದೇ ಗಾಡಿಯಲ್ಲಿ ಅವಳು ಮೆತ್ತನೆಯ ಸೀಟಿನ ಮೇಲೆ ಕೂರಬೇಕು ಎಂದು ಬಯಸುವುದು ತಪ್ಪೇ? ಅವ್ವ ಟಿಕೆಟನ್ನು ಎರಡು ಬಾರಿ ತಿರುಗಿಸಿ ನೋಡಿ ಕುಬುಸದೊಳಗೆ ಇಟ್ಟುಕೊಂಡಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಮಂಗಳವಾರ, ಮೊದಲ ಸ್ಟೇಷನ್ನಿನಿಂದಲೇ ಹೊರಡಬೇಕೆಂದು ಖಡಕಿಯ ಮನೆಯಿಂದ ಪುಣೆ ಸ್ಟೇಷನ್ನಿಗೆ ಹೋಗಿ ಗಾಡಿ ಹತ್ತಿದೆವು. ಮಹಿಳೆಯರ ಫಸ್ಟ್ ಕ್ಲಾಸ್ ಎಂದರೆ ಒಂದು ಪುಟ್ಟ ಕೋಣೆಯಷ್ಟು ಜಾಗ. ನಮ್ಮನ್ನು ಬಿಟ್ಟರೆ ಅಲ್ಲಿ ಇದ್ದವರು ಇಬ್ಬರೇ, ಇಬ್ಬರ ಕಿವಿಯಲ್ಲೂ ಇಯರ್‌ಫೋನ್. ಅವ್ವ ಗಾದಿಯ ಅಂಚಿನಲ್ಲಿ ಕುಳಿತಳು, ಡಾಕ್ಟರ ಮುಂದೆ ಕುಳಿತ ಹಾಗೆ. ಪಕ್ಕದ ಜಾಲರಿಯ ಆಚೆ ಮಹಿಳೆಯರ ಸೆಕೆಂಡ್ ಕ್ಲಾಸ್ ಆಗಲೇ ತುಂಬುತ್ತಿತ್ತು.

ಗಾಡಿ ಹೊರಟಿತು. ನಾನು ಹಾಳೆ ತೆಗೆದು ಮೊದಲನೆಯ ಪ್ರಶ್ನೆ ಕೇಳಿದೆ.

'ಅವ್ವಾ, ನೀನು ಮೊದಲ ದಿನ ಈ ಗಾಡಿ ಹತ್ತಿದಾಗ ಭಯವಾಗಿತ್ತೇ?'

'ಭಯಾ ಏನು ಭಯಾ? ಗಾಡಿ ಬಂತು, ಹತ್ತಿದ್ನಿ.'

ಎರಡನೆಯ ಪ್ರಶ್ನೆಗೆ ಹೋಗುವಷ್ಟರಲ್ಲಿ ಶಿವಾಜಿನಗರ ಬಂತು. ಆಚೆ ಕಡೆ ಒಂದು ಗದ್ದಲದ ಗುಂಪು ಹತ್ತಿತು. ಅದರಲ್ಲಿ ಒಬ್ಬಳು ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸುತ್ತ ಈ ಕಡೆ ನೋಡಿದಳು. ನೋಡಿದವಳು ಕೂಗಿದಳು.

'ಅವ್ವಾ! ಅಯ್ಯ ನಮ್ಮವ್ವ! ಗಾದಿ ಮ್ಯಾಲೆ ಕುಂತೀರಿ? ಭಾಳ ದೊಡ್ಡ ಮಂದಿ ಆದ್ರಿ ಬಿಡ್ರಿ!'

ಕನ್ನಡ. ಅದೂ ನಮ್ಮ ಗೋಕಾಕದ ಕಡೆಯ ಅಚ್ಚ ಕನ್ನಡ. ಇವಳೇ ರೂಪಾಲಿ ಎಂಬುದು ನನಗೆ ಆ ಕ್ಷಣಕ್ಕೆ ತಿಳಿಯಿತು, ಆದರೆ ಅರ್ಥವಾಗಲಿಲ್ಲ. ರೂಪಾಲಿ ಮರಾಠಿಯವಳಲ್ಲವೇ? ಸಾಸವಡದ ಕಡೆಯವಳಲ್ಲವೇ? ಅವ್ವನೇ ಒಮ್ಮೆ ಹೇಳಿದ್ದ ನೆನಪು.

'ಕನ್ನಡ ಹೇಗೆ ಬಂತು ಇವರಿಗೆ?' ಎಂದು ಅವ್ವನನ್ನು ಕೇಳಿದೆ.

ಅವ್ವ ಕೇಳಿಸಿಕೊಳ್ಳಲಿಲ್ಲ. ಅವಳು ಎದ್ದಾಗಿತ್ತು. ಜಾಲರಿಗೆ ಮುಖವಿಟ್ಟು, ಬೆರಳು ತೂರಿಸಿ ನಿಂತಾಗಿತ್ತು. ಉತ್ತರ ಕೊಟ್ಟವಳು ರೂಪಾಲಿಯೇ.

'ಅವ್ವನ ಕಲಿಸ್ಯಾರ್ರಿ ಅಕ್ಕಾ. ಗಾಡಿಯಾಗ ಮಂದಿಗೆ ಬೈಬೇಕಂದ್ರ ಮಂದಿಗೆ ತಿಳೀದ ಭಾಷಾ ಒಂದು ಬೇಕಲ್ರಿ!'

ಅವಳು ಅವ್ವನನ್ನು ಅವ್ವ ಎನ್ನುತ್ತಾಳೆ. ನನ್ನನ್ನು ಅಕ್ಕ ಎನ್ನುತ್ತಾಳೆ. ನನಗೆ ತಂಗಿ ಇದ್ದಾಳೆಂದು ನನಗೆ ಯಾರೂ ತಿಳಿಸಿರಲಿಲ್ಲ.

ನಾನು ಪಿ.ಯು.ಸಿ.ಯ ವಯಸ್ಸಿನಲ್ಲಿ ಅವ್ವನ ಕನ್ನಡವನ್ನು ತಿದ್ದಲು ಹೊರಟವಳು. 'ಹೋಗೂಣು ಅಲ್ಲವ್ವಾ, ಹೋಗೋಣ.' ಗ್ರಂಥಾಲಯದ ಪುಸ್ತಕ ಓದಿ ಕಲಿತ ಶುದ್ಧ ಕನ್ನಡ ನನ್ನದು, ಅದನ್ನು ಬಹಳ ಜೋಪಾನವಾಗಿ ಆಡುತ್ತಿದ್ದೆ. ಅವ್ವ ಸ್ವಲ್ಪ ದಿನ ತಿದ್ದಿಸಿಕೊಂಡಳು. ಆಮೇಲೆ ನನ್ನ ಮುಂದೆ ಮಾತನ್ನೇ ಕಡಿಮೆ ಮಾಡಿದಳು. ಉಳಿದ ಮಾತೆಲ್ಲ ಎಲ್ಲಿ ಹೋಯಿತು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಈಗ ಗೊತ್ತಾಯಿತು. ಅದು ಜಾಲರಿಯ ಆಚೆ ಇತ್ತು, ಪಂಜಾಬಿ ಡ್ರೆಸ್ ಹಾಕಿಕೊಂಡು, ಹಲ್ಲು ಬಿಡುತ್ತ ನಿಂತಿತ್ತು.

ಖಡಕಿಯಲ್ಲಿ ನಸೀಮಾ ಆಪಾ ಹತ್ತಿದರು. ಗ್ರೂಪಿನ ಹಳಬರು, ವಯಸ್ಸಿನಲ್ಲಿ ಚಿಕ್ಕವರಾದರೂ ಅವ್ವನಿಗಿಂತಲೂ ಮೊದಲಿನಿಂದ ಅದೇ ಕಾರ್ಖಾನೆಯಲ್ಲಿರುವವರು, ಬರುವ ವರ್ಷ ನಿವೃತ್ತಿ. ಅವರು ಮರಾಠಿಯಲ್ಲಿ ಗದರಿದರು: 'ಗಂಗಾತಾಯಿ, ಆ ಕಡೆ ಯಾಕೆ? ಜೈಲಿನಲ್ಲಿ ಹಾಕಿದ್ದಾರಾ ನಿನ್ನ?'

'ಮಗಳು ಹಾಕ್ಯಾಳ,' ಎಂದಳು ಅವ್ವ, ಕನ್ನಡದಲ್ಲೇ. ಆಚೆ ಕಡೆ ಮೂರು ಬೆಂಚುಗಳ ನಗು. ಮರಾಠಿಯವರೂ ನಕ್ಕರು. ಅಷ್ಟು ಕನ್ನಡ ಅವರೆಲ್ಲರಿಗೂ ಗೊತ್ತಿತ್ತು!

ಮುಳಾ ಸೇತುವೆ ಬಂತು, ಹೋಯಿತು. ದಾಪೋಡಿ ಬಂತು, ಹೋಯಿತು. ನಮ್ಮ ಚಾಳಿನ ದಿಕ್ಕನ್ನು ನಾನೊಬ್ಬಳೇ ನೋಡಿದೆ. ತಳೆಗಾವದವರೆಗೂ ಅವ್ವ ಜಾಲರಿಗೆ ಅಂಟಿಕೊಂಡು ನಿಂತೇ ಇದ್ದಳು. ಮೆತ್ತನೆಯ ಸೀಟು ಖಾಲಿ. ನಿಲ್ಲುವುದೇ ಆಗಿದ್ದರೆ ಫಸ್ಟ್ ಕ್ಲಾಸ್ ಏಕೆ ಬೇಕಿತ್ತು?

ಇಯರ್‌ಫೋನಿನ ಇಬ್ಬರಲ್ಲಿ ಒಬ್ಬಳು ಒಮ್ಮೆ ನನ್ನನ್ನು ನೋಡಿದಳು. ಕನಿಕರದ ನೋಟ ಎಂದು ನನಗೆ ಅನ್ನಿಸಿತು.

ತಳೆಗಾವದಲ್ಲಿ ಗ್ರೂಪ್ ಇಳಿದುಹೋಯಿತು. ಲೋಣಾವಳದವರೆಗೆ ಅವ್ವ ನಿದ್ದೆ ಮಾಡಿದಳು. ಕಾಮಶೇತದ ಬೆಟ್ಟಗಳನ್ನೂ ನಾನೊಬ್ಬಳೇ ನೋಡಿದೆ. ಸುಂದರವಾಗಿದ್ದವು ಎಂದು ಹೇಳಲು ಮನಸ್ಸು ಒಪ್ಪುತ್ತಿಲ್ಲ.

ಲೋಣಾವಳದಲ್ಲಿ ದಿನ ದೊಡ್ಡದಿತ್ತು. ಊಟ ಮಾಡಿದೆವು. 'ಚಲೋ ಇತ್ತು,' ಎಂದಳು. ಚಿಕ್ಕಿಯ ಅಂಗಡಿಗೆ ಕರೆದೊಯ್ದೆ. 'ಹಲ್ಲಿಗೆ ಆಗಂಗಿಲ್ಲ,' ಎಂದಳು. ಉದ್ಯಾನದ ಬೆಂಚಿನ ಮೇಲೆ ಕುಳಿತು ಆರನೆಯ ಪ್ರಶ್ನೆ ಕೇಳಿದೆ: ಕಾರ್ಖಾನೆಯಲ್ಲಿ ಅವಳಿಗೆ ಅತ್ಯಂತ ಸಂತೋಷ ಕೊಟ್ಟ ದಿನ ಯಾವುದು? ಅವ್ವ ಕೈಗಡಿಯಾರ ನೋಡಿದಳು.

'ಸ್ಟೇಷನ್‌ಗೆ ಹೋಗೂಣೇನ?'

ಇನ್ನೂ ಎರಡು ಗಂಟೆ ಇತ್ತು.

ದಾರಿಯಲ್ಲಿ ಕಾಯಿಪಲ್ಲೆಯ ಸಂತೆಯಂಥ ಸಾಲು. ಅವ್ವ ಒಮ್ಮೆಲೇ ಚುರುಕಾದಳು. ಮೆಂತ್ಯದ ಕಟ್ಟುಗಳನ್ನು ಎತ್ತಿ, ಮೂಸಿ, ಅಂಗಡಿಯವಳ ಜೊತೆ ಚೌಕಾಸಿ ಮಾಡಿ, ನಾಲ್ಕು ಕಟ್ಟು ಕೊಂಡಳು.

'ನಾಲ್ಕು ಕಟ್ಟು ಏಕವ್ವಾ? ಮನೆಯಲ್ಲಿ ಇರುವವರು ಮೂವರು. ಪುಣೆಯಲ್ಲಿ ಮೆಂತ್ಯ ಸಿಗುವುದಿಲ್ಲವೇ?'

'ಸಿಗತೈತಿ,' ಎಂದಳು.

ಪ್ರವಾಸಕ್ಕೆಂದು ಲೋಣಾವಳಕ್ಕೆ ಹೋಗಿ ಮೆಂತ್ಯ ತಂದವರು ನಾವಿಬ್ಬರೇ ಇರಬೇಕು.

ಸಂಜೆಯ ಗಾಡಿಯಲ್ಲೂ ನಾವು ಫಸ್ಟ್ ಕ್ಲಾಸಿನಲ್ಲೇ ಕುಳಿತೆವು. ಮರಳಿ ಬರುವ ಟಿಕೆಟ್ಟೂ ಅದೇ ಆಗಿತ್ತಲ್ಲ. ವಡಗಾವ ದಾಟಿದ ಕೂಡಲೇ ಅವ್ವ ಸೆರಗು ಸಿಕ್ಕಿಸಿ, ಮೆಂತ್ಯದ ಚೀಲ ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತಳು.

'ಎಲ್ಲಿಗವ್ವಾ?'

'ನೀ ಇಲ್ಲೇ ಕುಂದ್ರು. ಗಾದಿ ಐತಿ.'

ತಳೆಗಾವ ಬಂತು. ಲೋಕಲ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಿಮಗೆ ಗೊತ್ತು. ಅರವತ್ತು ದಾಟಿದ ನನ್ನ ಅವ್ವ ಆ ಗಾಡಿಯಿಂದ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಓಡಿದಳು. ಗಾಡಿ ಒಮ್ಮೆ ಜಗ್ಗಿತು. ಜಾಲರಿಗೆ ಮುಖ ಒತ್ತಿ ನೋಡಿದರೆ, ಆಚೆ ಬಾಗಿಲಿನಲ್ಲಿ ನಾಲ್ಕೈದು ಕೈಗಳು ಒಟ್ಟಿಗೇ ಚಾಚಿಕೊಂಡಿದ್ದವು. ಆ ಕೈಗಳು ಅವ್ವನನ್ನು ಒಂದೇ ಎಳೆತಕ್ಕೆ ಮೇಲೆತ್ತಿಕೊಂಡವು. ನನ್ನ ಕೈ ಅವುಗಳಲ್ಲಿ ಇರಲಿಲ್ಲ.

ಕಿಟಕಿಯ ಪಕ್ಕದ ಒಂದು ಮೂಲೆಯಲ್ಲಿ ಕುಳಿತಿದ್ದ ರೂಪಾಲಿ ತಟ್ಟನೆ ಎದ್ದಳು. 'ಕುಂದರ್ರಿ ಅವ್ವಾ, ನಿಮ್ಮ ಜಾಗಾ ನಿಮಗ.' ಅವ್ವ ಹೋಗಿ ಕುಳಿತಳು. ನಾಲ್ಕು ವರ್ಷದಿಂದ ಬಿಟ್ಟ ಜಾಗ ಇನ್ನೂ 'ಅವ್ವನ ಜಾಗ'ವೇ! ನನ್ನ ಫ್ಲಾಟಿನಲ್ಲಿ ಅವ್ವ ಇಂದಿಗೂ ಸೋಫಾದ ಮೇಲೆ ಕೂರುವ ಮೊದಲು ನನ್ನ ಮುಖ ನೋಡುತ್ತಾಳೆ.

ಮೆಂತ್ಯದ ಚೀಲ ಬಿಚ್ಚಿಕೊಂಡಿತು. ನಾಲ್ಕು ಕಟ್ಟು ನಾಲ್ಕು ಮಡಿಲಿಗೆ ಹೋದವು. ಆಗ ಅವ್ವನಿಗೆ ನನ್ನ ನೆನಪಾಯಿತು. ಎದ್ದು ಜಾಲರಿಯ ಬಳಿ ಬಂದಳು. ನಾನು ಮುಖ ಅರಳಿಸಿದೆ.

'ಶೈಲಾ, ನಿನ್ನ ಕಡೆ ಹಾಳಿ ಐತೆಲ್ಲ? ಕೊಡು. ದಂಟು ನೆಲಕ್ಕ ಬಿದ್ರ ಗಲೀಜು ಆಗತೈತಿ.'

ನನ್ನ ಯೋಜನೆ. ಎರಡು ಪುಟ, ಕಲರ್ ಪ್ರಿಂಟ್. ಅದನ್ನು ಬೀಡಿಯಷ್ಟು ಸಣ್ಣಗೆ ಸುತ್ತಿ ಜಾಲರಿಯ ತೂತಿನಲ್ಲಿ ತೂರಿಸಿದೆ. ಆಚೆ ಅದು ಬಿಚ್ಚಿಕೊಂಡು, ಬೆಂಚುಗಳ ನಡುವೆ ಹಾಸಿಕೊಂಡಿತು. 'ಟಿಪ್ಪಣಿ' ಕಾಲಮಿನ ಮೇಲೆ ಮೆಂತ್ಯದ ದಂಟುಗಳು ಬೀಳತೊಡಗಿದವು. ಇಡೀ ದಿನದಲ್ಲಿ ಆ ಹಾಳೆ ಕೆಲಸಕ್ಕೆ ಬಂದದ್ದು ಆಗ ಮಾತ್ರ, ನಿಜ ಹೇಳಬೇಕೆಂದರೆ.

ನಸೀಮಾ ಆಪಾ ಜಾಲರಿಯ ಪಕ್ಕದ ಸೀಟಿನಲ್ಲಿದ್ದರು. ಎಲೆ ಬಿಡಿಸುತ್ತ ನನ್ನ ಕಡೆ ತಿರುಗಿದರು.

'ನೀನೇನಾ ಶೈಲಾ? ನಿನ್ನ ಪರೀಕ್ಷೆಯ ಪಲ್ಲೆ ಎಷ್ಟು ಬಿಡಿಸಿದ್ದೇವೆ ಗೊತ್ತಾ ನಾವು?'

ಗೊತ್ತಿರಲಿಲ್ಲ. ಕೇಳಿದೆ. ಅವರು ಹೇಳಿದ್ದು ಇಷ್ಟು. ಗ್ರೂಪಿನಲ್ಲಿ ಎಲ್ಲರೂ ಸಂಜೆಯ ಗಾಡಿಯಲ್ಲಿ ಮನೆಯ ಕಾಯಿಪಲ್ಲೆ ಸೋಸಿಕೊಂಡೇ ಇಳಿಯುವುದು ವಾಡಿಕೆ. ಆದರೆ ಒಂದು ನಿಯಮವಿತ್ತು. ಯಾರ ಮನೆಯಲ್ಲಿ ಮಕ್ಕಳ ಪರೀಕ್ಷೆ ಇದೆಯೋ, ಅವರ ಚೀಲ ಮೊದಲು ಬಿಚ್ಚಬೇಕು. ಎಲ್ಲರೂ ಸೇರಿ ಅದನ್ನು ಮುಗಿಸಿಕೊಡಬೇಕು. ಆ ತಾಯಿ ಅಂದು ಪಲ್ಲೆಗೆ ಕೈ ಹಚ್ಚುವಂತಿಲ್ಲ. ಮನೆಗೆ ಹೋದ ಕೂಡಲೇ ಒಗ್ಗರಣೆ ಹಾಕಿ, ಉಳಿದ ಹೊತ್ತು ಮಗುವಿನ ಪಕ್ಕದಲ್ಲಿ ಕೂರಬೇಕು.

'ನಿನ್ನ ಹನ್ನೆರಡನೆಯದಕ್ಕೆ ತಿಂಗಳುಗಟ್ಟಲೆ ಬಿಡಿಸಿದ್ದೇವೆ. ಓದುವ ಹುಡುಗಿ, ಪಕ್ಕದಲ್ಲಿ ಕೂರಬೇಕು ಅನ್ನುತ್ತಿದ್ದಳು ನಿನ್ನ ತಾಯಿ.'

ಪಕ್ಕದಲ್ಲಿ ಕೂರುತ್ತಿದ್ದಳು ನಿಜ. ನನಗೆ ಚೆನ್ನಾಗಿ ನೆನಪಿದೆ. ಚಾಳಿನ ಒಂದೇ ಕೋಣೆಯಲ್ಲಿ, ನನ್ನ ಅಕೌಂಟೆನ್ಸಿ ಪುಸ್ತಕದ ಪಕ್ಕ, ಓದಲು ಬಾರದ ಅವ್ವ ಸುಮ್ಮನೆ ಬಂದು ಕೂರುತ್ತಿದ್ದಳು. ಪುಟ ತಿರುವಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ್ದೂ ನೆನಪಿದೆ, ಬಹಳ ಶುದ್ಧವಾದ ಕನ್ನಡದಲ್ಲಿ: 'ಅವ್ವಾ, ನೀನು ಇಲ್ಲಿ ಕುಳಿತರೆ ನನಗೆ ಓದಲು ಆಗುವುದಿಲ್ಲ.'

ಅವಳು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎಂಟು ಕೈಗಳು ರೈಲಿನಲ್ಲಿ ಉಳಿಸಿಕೊಟ್ಟ ಆ ಒಂದು ಗಂಟೆಯನ್ನು ನಾನು ಹೀಗೆ ಬಾಗಿಲ ಆಚೆ ಹಾಕಿದೆ.

ನಸೀಮಾ ಆಪಾಗೆ ಇದನ್ನು ಹೇಳಲಿಲ್ಲ. ಹೇಳಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ರೂಪಾಲಿ ಬಂದಳು. 'ಅಕ್ಕಾ, ಖರೇ ಹೇಳ್ಲೇನ್ರಿ? ನಿಮ್ಮ ಮ್ಯಾಲೆ ನನಗ ಭಾಳ ಸಿಟ್ಟಿತ್ತು. ದಿನಾ ನಿಮ್ಮದ ಸುದ್ದಿ. ಶೈಲಾ ಹಂಗ ಬರೀತಾಳ, ಶೈಲಾ ಹಿಂಗ ಓದತಾಳ, ಶೈಲಾಗ ಆಫೀಸಿನ್ಯಾಗ ಖುರ್ಚಿ ಕೊಟ್ಟಾರ. ನಿಮ್ಮ ಎಂ.ಕಾಂ. ಪೇಢಾ ತಿಂದೇನಿ, ಆದರೂ ಹೊಟ್ಟಿ ಉರೀತಿತ್ತು ನೋಡ್ರಿ!'

ಬೆಂಚಿನವರೆಲ್ಲ ನಕ್ಕರು. ಅವ್ವ ತಲೆ ಎತ್ತದೆ ಎಲೆ ಬಿಡಿಸುತ್ತಿದ್ದಳು.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಬೇಕಾಗಿತ್ತು. ಪ್ರತಿಸ್ಪರ್ಧಿಯೇ ಸೋಲೊಪ್ಪಿಕೊಂಡಳಲ್ಲ! ಆದರೆ ಆರಲಿಲ್ಲ, ಹೆಚ್ಚಾಯಿತು. ಏಕೆಂದರೆ ಎಂ.ಕಾಂ. ಮುಗಿಸಿದ ದಿನ ಅವ್ವ ನನಗೆ ಹೇಳಿದ್ದು 'ಆತಲ್ಲ, ಊಟಾ ಮಾಡು' ಎಂದಷ್ಟೇ. ನನ್ನ ಹೊಗಳಿಕೆಯೆಲ್ಲ ಈ ಡಬ್ಬಿಯಲ್ಲಿ ಹಂಚಿಹೋಗಿತ್ತು, ಪೇಢೆಯ ಜೊತೆಗೆ. ತಿಂದವರು ಇವರು. ದುಡಿದವಳು ನಾನು. ನನ್ನ ಪಾಲು ಎಲ್ಲಿ?

ಫಸ್ಟ್ ಕ್ಲಾಸಿನ ಟಿಕೆಟ್ ಇದ್ದವರು ಸೆಕೆಂಡ್ ಕ್ಲಾಸಿಗೆ ಹೋದರೆ ಯಾರೂ ತಡೆಯುವುದಿಲ್ಲ. ಉಲ್ಟಾ ಮಾಡಿದರೆ ಮಾತ್ರ ದಂಡ. ಈ ನಿಯಮ ನನಗೆ ಬೆಳಗಿನಿಂದ ಗೊತ್ತಿತ್ತು. ಆದರೂ ಚಿಂಚವಾಡದವರೆಗೆ ನಾನು ಗಾದಿಯ ಮೇಲೆಯೇ ಇದ್ದೆ. ಹೋದರೆ ಎಲ್ಲಿ ನಿಲ್ಲಬೇಕು, ಏನು ಮಾತನಾಡಬೇಕು, ಯಾವ ಭಾಷೆಯಲ್ಲಿ? ನನ್ನ ಬಳಿ ಹಾಳೆಯೂ ಇರಲಿಲ್ಲ.

ಚಿಂಚವಾಡದಲ್ಲಿ ಇಳಿದೆ. ಓಡಿದೆ. ಹತ್ತಿದೆ.

ನಾನು ಒಳಗೆ ಕಾಲಿಟ್ಟ ಕೂಡಲೇ ಮೂರು ಬೆಂಚುಗಳ ಹೆಂಗಸರು ಒಟ್ಟಿಗೇ ಎದ್ದು ನಿಂತರು. ನಾನು ಸಂಕೋಚದಿಂದ ಕುಗ್ಗಿಹೋದೆ. ಅಧಿಕಾರಿ ಎಂಬ ಗೌರವವೇ? ಇಷ್ಟೆಲ್ಲ ಬೇಡವಾಗಿತ್ತು. ನನಗೆ ಬರುವ ಅತ್ಯುತ್ತಮ ಮರಾಠಿಯಲ್ಲಿ, 'ದಯವಿಟ್ಟು ಕುಳಿತುಕೊಳ್ಳಿ, ನನಗಾಗಿ ಏಳಬೇಡಿ' ಎಂದೆ.

ಇಡೀ ಡಬ್ಬಿ ನಕ್ಕಿತು.

'ಅಕ್ಕಾ,' ಎಂದಳು ರೂಪಾಲಿ, ಕಣ್ಣು ಒರೆಸಿಕೊಳ್ಳುತ್ತ, 'ಚಿಂಚವಾಡ ಬಂದ್ರ ಕುಂತವರು ಏಳೂದು, ನಿಂತವರು ಕುಂದ್ರೂದು. ಅದು ನಮ್ಮ ಕಾಯಿದೆ. ನಿಮಗಲ್ರಿ!'

ನಿಂತವರೆಲ್ಲ ಕುಳಿತರು. ನಾನೂ ನಿಂತವಳ ಲೆಕ್ಕದಲ್ಲಿ ಬಂದೆ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ, ಅರ್ಧ ಗಾಳಿಯಲ್ಲಿ, ಅರ್ಧ ಸ್ಟೀಲಿನ ಮೇಲೆ ಕುಳಿತೆ. ಅವ್ವ ಎದ್ದು ನನ್ನೆದುರು ಹಿಡಿಕೆ ಹಿಡಿದು ನಿಂತಿದ್ದಳು. ಹಿರಿಯಳೆಂಬ ರಿಯಾಯಿತಿಯನ್ನು ಅವಳು ಒಪ್ಪಲಿಲ್ಲವಂತೆ. ಅರ್ಧ ಮುಗಿದ ಒಂದು ಕಟ್ಟು ಮೆಂತ್ಯ ನನ್ನ ಮಡಿಲಿಗೆ ಬಿತ್ತು.

ನನ್ನ ಮನೆಯಲ್ಲಿ ಮೆಂತ್ಯ ಯಾವಾಗಲೂ ಸೋಸಿಯೇ ಬರುತ್ತಿತ್ತು. ಒಂದೋ ಅಂಗಡಿಯ ಡಬ್ಬದಲ್ಲಿ ಬರುತ್ತಿತ್ತು, ಇಲ್ಲವೇ ಅವ್ವನ ಕೈಯಿಂದ. ಆದರೂ ಇದರಲ್ಲಿ ಕಲಿಯುವುದೇನಿದೆ? ಒಂದೊಂದೇ ಎಲೆಯನ್ನು ಎರಡು ಬೆರಳುಗಳಿಂದ ಎಚ್ಚರಿಕೆಯಿಂದ ಬಿಡಿಸಿ, ಹುಳುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಮಡಿಲಲ್ಲಿ ಇಟ್ಟೆ. ಪಿಂಪ್ರಿ ಬಂತು. ಹನ್ನೊಂದು ಎಲೆಗಳಾಗಿದ್ದವು. ಕಾಸಾರವಾಡಿ ಬಂತು. ಪಕ್ಕದವಳು ಒಂದು ಇಡೀ ಕಟ್ಟು ಮುಗಿಸಿ ಕೈ ಕೊಡವಿಕೊಂಡಳು.

ರೂಪಾಲಿ ಬಾಗಿ ನನ್ನ ಮಡಿಲನ್ನು ನೋಡಿದಳು. 'ಅವ್ವಾ, ನಿಮ್ಮ ಮಗಳು ಮೆಂತ್ಯೆ ಆಡಿಟ್ ಮಾಡಾಕ ಹತ್ಯಾಳ್ರಿ!'

ಆಗ ಅವ್ವ ನಕ್ಕಳು. ಫೋನಿನ ನಗು. ಸೆರಗು ಬಾಯಿಗೆ ಒತ್ತಿಕೊಂಡು, ಹಿಡಿಕೆಗೆ ಜೋತುಬಿದ್ದು, ಭುಜ ಕುಣಿಸುತ್ತ. ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ.

'ಇಕೀ ಸಣ್ಣಾಕಿ ಇದ್ದಾಗಿಂದ ಹಿಂಗ,' ಎಂದಳು ಎಲ್ಲರಿಗೂ. 'ಪಲ್ಲೆ ತಿನ್ನಾಕೂ ತಾಸ ಬೇಕು.'

ದಾಪೋಡಿ ಬಂತು, ಹೋಯಿತು. ಈ ಬಾರಿ ಚಾಳಿನ ಕಡೆ ನಾನೂ ನೋಡಲಿಲ್ಲ. ಖಡಕಿಯಲ್ಲಿ ನಸೀಮಾ ಆಪಾ, ಅವ್ವ, ನಾನು ಇಳಿದೆವು. ಈಗಿನ ನಮ್ಮ ಫ್ಲಾಟ್ ಇರುವುದು ಅಲ್ಲಿಯೇ. ರೂಪಾಲಿ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಕೂಗಿದಳು: 'ಅವ್ವಾ, ಮುಂದಿನ ವಾರ ಬರ್ರಿ! ಮೇಥಿ ಬಿಟ್ಟು ಬ್ಯಾರೇ ಏನಾರ ತರ್ರಿ, ಅಕ್ಕಾಗ ಆಗೂವಂಥಾದು!'

ಮನೆಗೆ ಬಂದು ಅವ್ವ ಮೆಂತ್ಯದ ಪಲ್ಲೆ ಮಾಡಿದಳು. ಅಪ್ಪ ಉಣ್ಣುತ್ತ, 'ಗಾಡಿ ಹೆಂಗಿತ್ತು?' ಎಂದು ಕೇಳಿದರು. 'ಚಲೋ ಇತ್ತು,' ಎಂದಳು ಅವ್ವ. ಅಷ್ಟೇ. ನನ್ನ ಕಡೆ ನೋಡಿದಳು. 'ಉಂಡಿ ಏನ?'

ನಾನು ಕಾದೆ. ಇನ್ನೊಂದು ವಾಕ್ಯ ಬರಬಹುದು ಎಂದು ಕಾದೆ. ಬರಲಿಲ್ಲ.

ಇಂದು ಸಂಜೆ ಈ ಅಂಕಣವನ್ನು ಬರೆಯಲು ಕುಳಿತಾಗ ಫೋನ್ ಬಂತು. ಅವ್ವ ಒಳಕೋಣೆಗೆ ಹೋದಳು, ಬಾಗಿಲು ಮುಂದೆ ಮಾಡಿಕೊಂಡಳು. ನಾನು ಎದ್ದು ಹೋಗಿ ಬಾಗಿಲಿಗೆ ಕಿವಿ ಕೊಟ್ಟೆ. (ಸರಿಯಾದ ನಡತೆಯಲ್ಲ, ಒಪ್ಪುತ್ತೇನೆ.)

'ಹನ್ನೊಂದ ಎಲಿ!' ಎನ್ನುತ್ತಿದ್ದಳು ಅವ್ವ, ಉಸಿರು ಹತ್ತದಷ್ಟು ನಗುತ್ತ. 'ಬೆಳಕಿಗೆ ಹಿಡಿದು ನೋಡತಿತ್ತ ನನ್ನ ಕೂಸು!'

ಎಲೆಗಳನ್ನು ಅವಳೂ ಎಣಿಸುತ್ತಿದ್ದಳು ಎಂದಾಯಿತು.

ನನ್ನದೇ ಸುದ್ದಿ. ನನ್ನದೇ ಅವ್ವ. ಅದನ್ನು ಹೇಳಿ ನನ್ನ ಎದುರಿಗೇ ನಗುವುದಕ್ಕೆ ಅವಳಿಗೆ ಇನ್ನೂ ಎಷ್ಟು ಸ್ಟೇಷನ್ ಬೇಕು?